ಐವತ್ತು ವರ್ಷದ ಬಳಿಕ ಅಪ್ಪನ ಜೊತೆ ಚಿನ್ನಸ್ವಾಮಿಗೆ

1974ರ ನವೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದಾಗ ಅಪ್ಪನಿಗೆ ಇಪ್ಪತ್ತೊಂದು ವರ್ಷ. ವೆಸ್ಟ್ ಇಂಡೀಸ್‌ನ ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್ ಅವರನ್ನು ನಮ್ಮ ಚಂದ್ರಶೇಖರ್ ಎರಡು ಇನಿಂಗ್ಸ್‌ನಲ್ಲೂ ಒಂದಂಕಿಗೇ ವಾಪಸ್ ಕಳಿಸಿದರು. ಊಟದ ಹೊತ್ತಿಗೆ ಈ ಕಥೆ ಕೇಳುತ್ತಲೇ ನಾನು ಬೆಳೆದೆ. 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್ ಇಲ್ಲೇ ಎಂದು ಗೊತ್ತಾದ ದಿನವೇ ಅಪ್ಪನನ್ನು ಕರೆದುಕೊಂಡು ಹೋಗಬೇಕೆಂದು ತೀರ್ಮಾನಿಸಿದೆ. ಆಗ ಅವರಿಗೆ ಎಪ್ಪತ್ತೊಂದು. ಮೊಣಕಾಲು ಸವೆದಿತ್ತು, ಸಕ್ಕರೆ ಕಾಯಿಲೆ ಬೇರೆ.

ಟಿಕೆಟ್ ತೆಗೆಯುವಾಗ ನಾನು ಮೊದಲು ಲೆಕ್ಕ ಹಾಕಿದ್ದು ಮೆಟ್ಟಿಲುಗಳನ್ನು. ಮೇಲಿನ ಸಾಲಿನಿಂದ ಮೈದಾನ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ದಿನಕ್ಕೆ ಮೂರು ಸಲ ಶೌಚಾಲಯಕ್ಕೆ ಇಳಿದು ಹತ್ತುವುದು ಅಪ್ಪನಿಂದ ಆಗದು. ಕೆಳಗಿನ ಸಾಲಿನಲ್ಲಿ, ದಾರಿಯ ಅಂಚಿನ ಎರಡು ಆಸನ ಹಿಡಿದೆ. ಪಂದ್ಯಕ್ಕೆ ನಾಲ್ಕು ದಿನ ಮೊದಲು ಒಬ್ಬನೇ ಹೋಗಿ ಕ್ವೀನ್ಸ್ ರಸ್ತೆ, ಕಬ್ಬನ್ ರಸ್ತೆಯ ಕಡೆಯಿಂದ ಕ್ರೀಡಾಂಗಣದ ಸುತ್ತ ನಡೆದು ನಮ್ಮ ಗೇಟು ಎಲ್ಲಿದೆ ಎಂದು ನೋಡಿಕೊಂಡು ಬಂದೆ. ತಪ್ಪು ಗೇಟಿಗೆ ಹೋದರೆ ಜನಸಂದಣಿಯಲ್ಲಿ ಅರ್ಧ ಸುತ್ತು ನಡೆಯಬೇಕು. ವಯಸ್ಸಾದವರ ಬಲವೆಲ್ಲ ಅಲ್ಲೇ ಮುಗಿದುಹೋಗುತ್ತದೆ. ಕಾರನ್ನು ಮನೆಯಲ್ಲೇ ಬಿಟ್ಟೆವು. ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್ ಇದೆ, ಅಲ್ಲಿಂದ ಕ್ರೀಡಾಂಗಣ ರಸ್ತೆ ದಾಟುವಷ್ಟೇ ದೂರ.

ನಾವು ಆರಿಸಿಕೊಂಡದ್ದು ಮೂರನೇ ದಿನ. ಮೊದಲ ದಿನ ಮಳೆ. ಟಾಸ್ ಕೂಡ ಆಗಲಿಲ್ಲ. ಎರಡನೇ ದಿನ ಭಾರತ 46 ರನ್ನಿಗೆ ಆಲೌಟ್. ತವರಿನಲ್ಲಿ ಭಾರತದ ಅತಿ ಕಡಿಮೆ ಮೊತ್ತ ಅದು. ಟಿ.ವಿ. ಮುಂದೆ ಅಪ್ಪ ಮಾತೇ ಆಡಲಿಲ್ಲ. ರಾತ್ರಿ ಅಳುಕುತ್ತಲೇ ಕೇಳಿದೆ: “ನಾಳೆ ಹೋಗೋಣವೇ ಅಪ್ಪ?”

“ರಚಿನ್ ಇನ್ನೂ ಔಟಾಗಿಲ್ಲವಲ್ಲ, ಬಾ.”

ರಚಿನ್ ರವೀಂದ್ರರ ತಂದೆ–ತಾಯಿ ಬೆಂಗಳೂರಿನವರು. ಎದುರಾಳಿಯಾದರೂ ಅಪ್ಪನಿಗೆ ಆತ ನಮ್ಮ ಕಡೆಯ ಹುಡುಗ.

ಬೆಳಿಗ್ಗೆ ಬೇಗ ಹೊರಟೆವು. ನೀರಿನ ಬಾಟಲಿ, ತಿಂಡಿ ಒಳಗೆ ಬಿಡುವುದಿಲ್ಲವೆಂದು ಗೊತ್ತಿತ್ತು. ಮಾತ್ರೆಗಳನ್ನು ಬಿಡಿಸದೆ ಪಟ್ಟಿಯಲ್ಲೇ ಇಟ್ಟುಕೊಂಡು, ವೈದ್ಯರ ಚೀಟಿಯನ್ನೂ ಜೇಬಿಗೆ ಹಾಕಿಕೊಂಡಿದ್ದೆ. ಆದರೂ ತಪಾಸಣೆಯವರು ಬಿಸ್ಕತ್ತಿನ ಪೊಟ್ಟಣ ಕಂಡು ತಡೆದರು. ಪಕ್ಕದಲ್ಲಿದ್ದ ಮಹಿಳಾ ಪೊಲೀಸ್ ಒಬ್ಬರು ಚೀಟಿ ಓದಿ, “ಬಿಡಿ, ಸಕ್ಕರೆ ಕಾಯಿಲೆಯವರು” ಎಂದರು. ಆ ತಾಯಿಗೆ ನಾನು ಇಂದಿಗೂ ಋಣಿ.

ಒಳಗೆ ಅಪ್ಪ ಎಡಗೈಯಲ್ಲಿ ಕಬ್ಬಿಣದ ಕಂಬಿ, ಬಲಗೈಯಲ್ಲಿ ನನ್ನ ಭುಜ ಹಿಡಿದು, ಪ್ರತಿ ಮೆಟ್ಟಿಲ ಮೇಲೂ ಎರಡೂ ಕಾಲು ಊರಿ ನಿಂತು ಹತ್ತಿದರು. ಕೊನೆಯ ಮೆಟ್ಟಿಲಿನಲ್ಲಿ ಮೈದಾನ ಒಮ್ಮೆಲೇ ತೆರೆದುಕೊಂಡಿತು. ಅವರು ಕಂಬಿ ಬಿಟ್ಟರು. ಅಷ್ಟು ಮಳೆ ಸುರಿದಿದ್ದರೂ ಹಸಿರು ಎಲ್ಲೂ ಕೆಸರಾಗಿರಲಿಲ್ಲ. 2017ರಲ್ಲಿ ಇಲ್ಲಿ ಅಳವಡಿಸಿದ ಸಬ್‌ಏರ್ ವ್ಯವಸ್ಥೆ ನೆಲದಡಿಯ ಕೊಳವೆಗಳಿಂದ ನೀರನ್ನು ಹೀರಿ ತೆಗೆಯುತ್ತದೆ. ನನ್ನ ಮಟ್ಟಿಗೆ ಈ ಕ್ರೀಡಾಂಗಣದ ಅತಿ ಒಳ್ಳೆಯ ಕೆಲಸ ಅದೇ.

ರಚಿನ್ 134 ಹೊಡೆದರು. ನೂರು ತುಂಬಿದಾಗ ಸುತ್ತಲಿನ ಜನ ಎದ್ದು ಚಪ್ಪಾಳೆ ತಟ್ಟಿದರು. ಅಪ್ಪನೂ ಎದ್ದರು, ನನ್ನ ಭುಜದ ಆಸರೆಯಿಲ್ಲದೆ. ವಿರಾಮಕ್ಕೆ ಎರಡು ಓವರ್ ಮೊದಲೇ ಅವರನ್ನು ಶೌಚಾಲಯಕ್ಕೆ ಕರೆದೊಯ್ಯುತ್ತಿದ್ದೆ. ಆಮೇಲೆ ಸಾಲು ಎಷ್ಟು ಉದ್ದವಾಗುತ್ತದೆಂದು ನಾನು ಒಬ್ಬನೇ ಬಂದ ಪಂದ್ಯಗಳಲ್ಲಿ ಕಂಡಿದ್ದೆ.

ದಿನದ ಕೊನೆಯ ಎಸೆತದಲ್ಲಿ ಕೊಹ್ಲಿ 70ಕ್ಕೆ ಔಟ್. ಜನ ಒಟ್ಟಿಗೇ ಗೇಟುಗಳತ್ತ ನುಗ್ಗಿದರು. ನಾವು ಕುಳಿತೇ ಇದ್ದೆವು, ಅರ್ಧ ಗಂಟೆ. ಮೈದಾನದ ಸಿಬ್ಬಂದಿ ಪಿಚ್ಚಿಗೆ ಹೊದಿಕೆ ಎಳೆಯುವುದನ್ನು ಅಪ್ಪ ಆಟದಷ್ಟೇ ಆಸಕ್ತಿಯಿಂದ ನೋಡಿದರು. ಮರುವರ್ಷ, 2025ರ ಜೂನ್ 4ರಂದು, ಐಪಿಎಲ್ ಗೆಲುವಿನ ಸಂಭ್ರಮದ ದಿನ ಇದೇ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಸುದ್ದಿ ಕೇಳಿದಾಗ ನನಗೆ ಆ ಅರ್ಧ ಗಂಟೆಯೇ ನೆನಪಾಯಿತು. ಗೇಟಿನ ಬಳಿ ಜನ ಒತ್ತತೊಡಗಿದರೆ ಟಿಕೆಟ್ ಕೈಯಲ್ಲಿದ್ದರೂ ನಾನು ಹಿಂದೆ ಸರಿಯುತ್ತೇನೆ. ಅಪ್ಪನ ಜೊತೆಗಿರಲಿ, ಮಕ್ಕಳ ಜೊತೆಗಿರಲಿ, ಇದರಲ್ಲಿ ರಾಜಿಯಿಲ್ಲ.

ಅಂದು ಸಂಜೆ ಲಿಫ್ಟಿನಲ್ಲಿ ಮೆಟ್ರೊಗೆ ಇಳಿಯುವಾಗ ಅಪ್ಪ ಮೊಣಕಾಲು ನೀವಿಕೊಳ್ಳುತ್ತಿದ್ದರು. ನೋವೇ ಎಂದು ಕೇಳಬೇಕು ಎನ್ನುವಷ್ಟರಲ್ಲಿ ಅವರೇ ಕೇಳಿದರು: “ಸರ್ಫರಾಜ್ 70ರಲ್ಲಿ ಇದ್ದಾನೆ. ನಾಳೆಗೆ ಟಿಕೆಟ್ ಸಿಗುತ್ತದೇನೋ?”