ಕಟಕಟೆಯಲ್ಲಿ ಕರ್ನಲ್ ಆಲ್ಕಾಟ್: ಮೇಡಂ ಬ್ಲಾವಟ್ಸ್ಕಿಯನ್ನು ನಾನು ಓದಿಕೊಂಡ ಬಗೆ

ಥಿಯಸಾಫಿಕಲ್ ಸೊಸೈಟಿ ಎಂಬ ಆಧ್ಯಾತ್ಮಿಕ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದ ರಷ್ಯನ್ ಮಹಿಳೆ ಮೇಡಂ ಬ್ಲಾವಟ್ಸ್ಕಿ ಬಗ್ಗೆ ಓದಲು ಹೊರಟರೆ ಎರಡು ಥರದ ಪುಸ್ತಕಗಳೇ ಜಾಸ್ತಿ ಸಿಗುತ್ತವೆ. ಕೆಲವು ಅವರನ್ನು ಗುರು ಎಂದು ಪೂಜಿಸುತ್ತವೆ. ಕೆಲವು ವಂಚಕಿ ಎಂದು ತೀರ್ಪು ಬರೆದು ಮುಗಿಸುತ್ತವೆ. ನಾನು ಎರಡನ್ನೂ ಪಕ್ಕಕ್ಕಿಟ್ಟೆ. ಅವರ ಎದುರು ಕೂತು ಊಟ ಮಾಡಿದವರು, ಜಗಳ ಆಡಿದವರು ಏನು ಬರೆದಿದ್ದಾರೆ ಅಂತ ನೋಡಬೇಕೆನಿಸಿತು. ಹಾಗೆ ಕೈಗೆ ಬಂದದ್ದು ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್ ಬರೆದ 'ಓಲ್ಡ್ ಡೈರಿ ಲೀವ್ಸ್'. ಒಟ್ಟು ಆರು ಸಂಪುಟ. ಹೆಸರಿಗೆ ಅದು ಇಬ್ಬರೂ ಸೇರಿ ಕಟ್ಟಿದ ಥಿಯಸಾಫಿಕಲ್ ಸೊಸೈಟಿಯ ಕಥೆ. ಆದರೆ ಮೊದಲ ಸಂಪುಟದ ತುಂಬ ಮೇಡಂ ಅವರೇ ಇದ್ದಾರೆ.

ನಾನು ಸಿವಿಲ್ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಸಾಕ್ಷಿ ಹೇಳಿದ್ದನ್ನು ಸಾಲುಸಾಲಾಗಿ ಬಿಡಿಸಿ ನೋಡುವುದು ನನ್ನ ದಿನನಿತ್ಯದ ಕೆಲಸ. ಈ ಪುಸ್ತಕವನ್ನೂ ಹಾಗೇ ಓದಿದೆ. ಆಲ್ಕಾಟರನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಿದ ಹಾಗೆ.

ಸಾಕ್ಷಿ ಯಾರು ಅನ್ನುವುದು ಮೊದಲು ಗೊತ್ತಾಗಬೇಕು. ಆಲ್ಕಾಟ್ ಏನೂ ತಿಳಿಯದ ಭಕ್ತರಲ್ಲ. ಅವರೂ ವಕೀಲರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಮಾಲು ಪೂರೈಸುವವರ ಮೋಸಗಳನ್ನು ಹಿಡಿಯುವುದು ಅವರ ಕೆಲಸವಾಗಿತ್ತು. 1865ರಲ್ಲಿ ಲಿಂಕನ್ ಹತ್ಯೆಯಾದಾಗ ಅದರ ತನಿಖೆಯಲ್ಲೂ ಅವರು ಇದ್ದರು. ಮೋಸ ಹಿಡಿಯುವುದೇ ಕಸುಬಾಗಿದ್ದ ಮನುಷ್ಯ ಈ ಹೆಂಗಸಿನ ಜೊತೆ ದೇಶ ಬಿಟ್ಟು ಬಂದರು. 1879ರ ಫೆಬ್ರವರಿಯಲ್ಲಿ ಇಬ್ಬರೂ ಮುಂಬೈಯಲ್ಲಿ ಇಳಿದರು. 1882ರ ಕೊನೆಗೆ ಮದ್ರಾಸಿನ ಅಡ್ಯಾರಿಗೆ ಬಂದು ನೆಲೆಸಿದರು. ಯಾಕೆ ಬಂದರು ಅನ್ನುವ ಪ್ರಶ್ನೆಗೇ ನಾನು ಆರೂ ಸಂಪುಟ ಹಿಡಿದು ಕೂತದ್ದು.

ಮುನ್ನುಡಿಯನ್ನು ಹಾರಿಸಬೇಡಿ. ಬರೆಯುವ ಉದ್ದೇಶವನ್ನು ಆಲ್ಕಾಟ್ ಅಲ್ಲೇ ಹೇಳಿಬಿಡುತ್ತಾರೆ. ಮೇಡಂ ತೀರಿಕೊಂಡದ್ದು 1891ರ ಮೇ 8ರಂದು. ಆಮೇಲೆ ಸೊಸೈಟಿಯೊಳಗೇ ಅವರನ್ನು ದೇವರು ಮಾಡುವ ಚಾಳಿ ಬೆಳೆಯುತ್ತಿತ್ತು. ಅದನ್ನು ತಡೆಯಲೆಂದೇ ಬರೆಯುತ್ತಿದ್ದೇನೆ ಅನ್ನುತ್ತಾರೆ. ಅಂದರೆ ಅವರ ಕಣ್ಣು ಹೊರಗಿನ ವಿರೋಧಿಗಳ ಮೇಲೆ ಮಾತ್ರ ಇಲ್ಲ, ಒಳಗಿನ ಭಕ್ತರ ಮೇಲೂ ಇದೆ. ಇದು ಗೊತ್ತಿದ್ದರೆ ಮುಂದಿನ ಪುಟಗಳು ಬೇರೆಯೇ ಥರ ಕಾಣುತ್ತವೆ. ಮೇಡಂ ಕೋಪ, ಬೈಗುಳ, ಕೈಬಿಡದ ಸಿಗರೇಟು ಎಲ್ಲವನ್ನೂ ಯಾಕೆ ಇಷ್ಟು ಬಿಡಿಸಿ ಬರೆದರು ಅಂತ ಅರ್ಥವಾಗುತ್ತದೆ.

ಆಮೇಲೆ ಮೂರು ಗುರುತು ಹಾಕುತ್ತಾ ಹೋದೆ. ಅವರೇ ಕಣ್ಣಾರೆ ಕಂಡದ್ದಕ್ಕೆ ನೀಲಿ. ಮೇಡಂ ಹೇಳಿದ್ದನ್ನು ಕೇಳಿ ಬರೆದದ್ದಕ್ಕೆ ಕೆಂಪು. ಅವರ ಸ್ವಂತ ಊಹೆಗೆ ಪೆನ್ಸಿಲ್. ಇದು ತುಂಬಾ ಸಾದಾ ಕೆಲಸ, ಆದರೆ ಪುಸ್ತಕದ ಚಿತ್ರವನ್ನೇ ಬದಲಿಸಿಬಿಡುತ್ತದೆ. ಆಲ್ಕಾಟ್ ಮೇಡಂ ಅವರನ್ನು ಮೊದಲು ನೋಡಿದ್ದು 1874ರ ಅಕ್ಟೋಬರ್ 14ರಂದು. ಆಗ ಮೇಡಂಗೆ 43 ವರ್ಷ. ಅದಕ್ಕೆ ಮುಂಚಿನದ್ದೆಲ್ಲ, ರಷ್ಯಾದ ಬಾಲ್ಯ, ಊರೂರು ಸುತ್ತಾಟ, ಟಿಬೆಟ್, ಎಲ್ಲ ನನ್ನ ಪ್ರತಿಯಲ್ಲಿ ಕೆಂಪೇ. ಹೇಳಿಕೆ ಕೇಳಿದ ಮಾತ್ರಕ್ಕೆ ಸಾಕ್ಷ್ಯವಾಗುವುದಿಲ್ಲ, ಅಲ್ವಾ?

ನೀಲಿ ಭಾಗಗಳು ಮಾತ್ರ ಜೀವಂತವಾಗಿವೆ. ಅಮೆರಿಕದ ವರ್ಮಾಂಟ್‌ನ ಚಿಟೆಂಡನ್ ಹಳ್ಳಿಯ ತೋಟದ ಮನೆಯೊಂದರಲ್ಲಿ ಪ್ರೇತಗಳು ಬರುತ್ತವೆಂದು ಸುದ್ದಿಯಾಗಿತ್ತು. ಆಲ್ಕಾಟ್ ಅಲ್ಲಿಗೆ ಪತ್ರಿಕೆಯ ಪರವಾಗಿ ಹೋಗಿದ್ದರು. ಊಟದ ಮನೆಗೆ ಬಂದರೆ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಕಡುಗೆಂಪು ಅಂಗಿ. ಕತ್ತರಿಸಿ ಬಿಟ್ಟ ಗುಂಗುರು ಕೂದಲು, ದೊಡ್ಡ ಮುಖ. ಊಟ ಮುಗಿಸಿ ಹೊರಗೆ ಬಂದು ಮೇಡಂ ಸಿಗರೇಟು ಸುತ್ತಿಕೊಂಡಾಗ ಆಲ್ಕಾಟ್ ಫ್ರೆಂಚಿನಲ್ಲಿ ಅಪ್ಪಣೆ ಕೇಳಿ ಕಡ್ಡಿ ಗೀರಿದರು. ಪರಿಚಯ ಶುರುವಾದದ್ದು ಹೀಗೆ. ಇದರಲ್ಲಿ ಪವಾಡ ಏನೂ ಇಲ್ಲ. ಆದರೆ ಆ ಸೆಳೆತ ಎಂಥದ್ದು ಅಂತ ನನಗೆ ತಿಳಿದದ್ದು ಇಂಥ ಪುಟಗಳಿಂದ.

ನಮ್ಮ ವೃತ್ತಿಯಲ್ಲಿ ಒಂದು ತಿಳಿವಳಿಕೆ ಇದೆ. ಸಾಕ್ಷಿ ತನ್ನ ಪಕ್ಷಕ್ಕೇ ಪೆಟ್ಟು ಬೀಳುವ ಮಾತು ಹೇಳಿದರೆ ಅದಕ್ಕೆ ತೂಕ ಜಾಸ್ತಿ. ಆಲ್ಕಾಟರಲ್ಲಿ ಅಂಥ ಮಾತುಗಳನ್ನು ಹುಡುಕಿದೆ. ತುಂಬಾ ಸಿಕ್ಕವು. ಜಾನ್ ಕಿಂಗ್ ವಿಷಯ ನೋಡಿ. ಮೊದಮೊದಲು ಮೇಡಂ ಅವನನ್ನು ಸತ್ತ ಮನುಷ್ಯನೊಬ್ಬನ ಪ್ರೇತ ಎಂದು ಪರಿಚಯಿಸಿದರು. ಆಮೇಲೆ ಅವನು ಜೀವಂತ ಮಹಾತ್ಮರ, ಅಂದರೆ ಮರೆಯಲ್ಲಿದ್ದಾರೆಂದು ಮೇಡಂ ಹೇಳುತ್ತಿದ್ದ ಸಿದ್ಧ ಗುರುಗಳ, ದೂತನಾದ. ಕೊನೆಗೆ ಮನುಷ್ಯನೇ ಅಲ್ಲದ ಒಂದು ಭೂತವಾದ. ಮಾತು ಹೀಗೆ ಎರಡು ಸಲ ಬದಲಾಯಿತು ಎಂದು ಬರೆದಿಟ್ಟವರು ಯಾವ ಶತ್ರುವೂ ಅಲ್ಲ, ಆಲ್ಕಾಟರೇ. ನನಗೆ ಹಂತಹಂತವಾಗಿ ಕಲಿಸಲು ಹಾಗೆ ಮಾಡಿದರು ಎಂದು ಸಮಜಾಯಿಷಿ ಕೊಡುತ್ತಾರೆ. ನಾನು ಸಂಗತಿಗೆ ನೀಲಿ ಹಾಕಿದೆ, ಸಮಜಾಯಿಷಿಗೆ ಪೆನ್ಸಿಲ್.

ಇನ್ನೂ ದೊಡ್ಡದು ಮೇಡಂ ಬರೆದ 'ಐಸಿಸ್ ಅನ್‌ವೇಲ್ಡ್' ಪುಸ್ತಕದ್ದು. ಅದು 1877ರಲ್ಲಿ ನ್ಯೂಯಾರ್ಕಿನಲ್ಲಿ ಬಂತು, ಎರಡು ದಪ್ಪ ಸಂಪುಟ. ಬರೆಯುವಾಗ ಆಲ್ಕಾಟ್ ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಕೂತು ಭಾಷೆ ತಿದ್ದುತ್ತಿದ್ದರು. ಮೇಡಂ ಬರೆಯುತ್ತಾ ಬರೆಯುತ್ತಾ ಶೂನ್ಯದ ಕಡೆ ನೋಡುತ್ತಿದ್ದರಂತೆ, ಅಲ್ಲಿ ಕಾಣದ ಪುಸ್ತಕ ಓದುವವರ ಹಾಗೆ ಕಣ್ಣು ಕಿರಿದು ಮಾಡಿ, ಆಮೇಲೆ ಅದನ್ನು ಇಳಿಸಿಕೊಳ್ಳುತ್ತಿದ್ದರಂತೆ. ಪವಾಡವಿಲ್ಲದೆ ಇದು ಸಾಧ್ಯವೇ ಇರಲಿಲ್ಲ ಎಂದು ತೋರಿಸಲು ಆಲ್ಕಾಟ್ ಒಂದು ಲೆಕ್ಕ ಕೊಡುತ್ತಾರೆ. ನಮ್ಮ ಮನೆಯಲ್ಲಿ ಇದ್ದದ್ದು 100 ಪುಸ್ತಕವೂ ಸರಿಯಾಗಿ ಇಲ್ಲ, ಇಷ್ಟೊಂದು ಉಲ್ಲೇಖ ಎಲ್ಲಿಂದ ಬಂತು ಅಂತ ಕೇಳುತ್ತಾರೆ.

ಆಲ್ಕಾಟ್ ಈ ನೆನಪುಗಳನ್ನು ಬರೆಯುತ್ತಿದ್ದ ಸುಮಾರಿಗೆ ವಿಲಿಯಂ ಎಮೆಟ್ ಕೋಲ್ಮನ್ ಎಂಬ ವಿರೋಧಿ ಬೇರೆ ಕಡೆಯಿಂದ ಲೆಕ್ಕ ಹಾಕುತ್ತಿದ್ದರು. ಅವರ ಲೇಖನ 1895ರಲ್ಲಿ ಅಚ್ಚಾಯಿತು. 'ಐಸಿಸ್'ನಲ್ಲಿ ಹೆಸರು ಹೇಳದೆ ಎತ್ತಿಕೊಂಡ ಭಾಗಗಳು ಸುಮಾರು 2000 ಇವೆ ಎಂದರು. 1400ರಷ್ಟು ಗ್ರಂಥಗಳ ಹೆಸರು ಬಂದಿದ್ದರೂ ನಿಜಕ್ಕೂ ಬಳಸಿದ್ದು ಸುಮಾರು 100 ಪುಸ್ತಕ ಮಾತ್ರ, ಉಳಿದವುಗಳ ಮಾತೆಲ್ಲ ಈ ನೂರರ ಮೂಲಕವೇ ಬಂದದ್ದು ಎಂದರು. ಸ್ನೇಹಿತರ ಲೆಕ್ಕ 100, ವಿರೋಧಿಯ ಲೆಕ್ಕವೂ 100! ಪವಾಡಕ್ಕೆ ಪುರಾವೆ ಎಂದು ಆಲ್ಕಾಟ್ ಕೊಟ್ಟ ಅಂಕಿಯೇ ಎದುರು ಪಕ್ಷಕ್ಕೆ ಹೊಂದಿಕೊಂಡಿತು. ಎಲ್ಲ ಭಾಗಗಳನ್ನೂ ಅಕ್ಕಪಕ್ಕ ಇಟ್ಟು ಪುಸ್ತಕ ಮಾಡುತ್ತೇನೆ ಎಂದಿದ್ದ ಕೋಲ್ಮನ್ ಅದನ್ನು ಪ್ರಕಟಿಸಲೇ ಇಲ್ಲ, ಅದನ್ನೂ ಹೇಳಬೇಕು. ಆದರೂ ಇಬ್ಬರೂ ಒಪ್ಪುವ ಸಂಗತಿ ಸಿಕ್ಕರೆ ನಾನು ಅದನ್ನು ಬಿಡುವುದಿಲ್ಲ. ಆಲ್ಕಾಟ್ ಪ್ರಾಮಾಣಿಕರು ಎಂಬ ನನ್ನ ನಂಬಿಕೆ ಗಟ್ಟಿಯಾದದ್ದೂ ಇಲ್ಲೇ. ಮರೆಮಾಚುವ ಮನುಷ್ಯ ಆ ಅಂಕಿಯನ್ನು ಬರೆಯುತ್ತಲೇ ಇರಲಿಲ್ಲ.

ಪೇಟದ ಕಥೆ ಇನ್ನೊಂದು. ನ್ಯೂಯಾರ್ಕಿನಲ್ಲಿ ಒಂದು ರಾತ್ರಿ ತಮ್ಮ ಕೋಣೆಗೆ ಎತ್ತರದ, ಬಿಳಿ ಬಟ್ಟೆಯ ಮಹಾತ್ಮರೊಬ್ಬರು ಬಂದರು ಎನ್ನುತ್ತಾರೆ ಆಲ್ಕಾಟ್. ಇದು ಮೇಡಂ ಮಾಡಿದ ಸಮ್ಮೋಹನ ಇರಬಹುದೇ ಎಂಬ ಅನುಮಾನ ಅವರಿಗೇ ಬಂತು. ಒಂದು ಗುರುತು ಸಿಕ್ಕಿದ್ದರೆ ಎಂದುಕೊಂಡರು. ಬಂದವರು ತಲೆಯ ಪೇಟ ಬಿಚ್ಚಿಟ್ಟು ಹೋದರಂತೆ. ಕೋರ್ಟಿನ ಮಾತಿನಲ್ಲಿ ಅದು ಮುದ್ದೆಮಾಲು. ಪೇಟ ಇತ್ತು ಎನ್ನುವುದನ್ನು ನಾನು ಒಪ್ಪುತ್ತೇನೆ. ಅದನ್ನು ಯಾರು ಇಟ್ಟರು ಎನ್ನುವುದನ್ನು ಪೇಟ ಹೇಳುವುದಿಲ್ಲ. ಅನುಮಾನ ಪಟ್ಟೆ ಎಂದು ಅವರು ಬರೆದ ಸಾಲೇ ನನಗೆ ಪೇಟಕ್ಕಿಂತ ಮುಖ್ಯ.

ಹತ್ತಿರದವರ ಒಂದೇ ಪುಸ್ತಕ ಸಾಲದು. ಮೊದಲು ಆಪ್ತರಾಗಿದ್ದು ಆಮೇಲೆ ತಿರುಗಿಬಿದ್ದ ರಷ್ಯನ್ ಲೇಖಕ ವ್ಸೆವೊಲೊದ್ ಸೊಲೊವ್ಯೋವ್ ಬರೆದದ್ದನ್ನೂ ಓದಿದೆ. ಅದರಲ್ಲಿ ಸಿಟ್ಟು ಎಷ್ಟಿದೆ ಎಂದರೆ ನೀಲಿ ಗೆರೆ ಎಳೆಯಲು ಜಾಗ ಕಡಿಮೆ. ರಿಚರ್ಡ್ ಹಾಡ್ಸನ್ ವರದಿಯನ್ನು ಮಾತ್ರ ಓದಲೇಬೇಕು. ಅಡ್ಯಾರಿನಲ್ಲಿ ಕೆಲಸಕ್ಕಿದ್ದ ಎಮ್ಮಾ ಕೂಲಂಬ್ ಮೇಡಂ ಬರೆದವು ಎಂದು ಹೇಳಿ ತನ್ನ ಬಳಿಯ ಪತ್ರಗಳನ್ನು ಮಿಷನರಿಗಳಿಗೆ ಕೊಟ್ಟಳು. ಮಹಾತ್ಮರ ಹೆಸರಿನಲ್ಲಿ ನಡೆಯುತ್ತಿದ್ದ ಪವಾಡಗಳಿಗೆ ಮೇಡಂ ತನ್ನಿಂದ ಸಹಾಯ ಪಡೆಯುತ್ತಿದ್ದರು ಎಂಬುದು ಅವಳ ಆರೋಪ. 1884ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆಯಲ್ಲಿ ಅವು ಬಂದವು. ಇಂಥ ಅತೀಂದ್ರಿಯ ಘಟನೆಗಳನ್ನು ಪರಿಶೀಲಿಸುವ ಲಂಡನ್ನಿನ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಪರವಾಗಿ ಹಾಡ್ಸನ್ ಬಂದು ತನಿಖೆ ಮಾಡಿದರು. 1885ರ ವರದಿ ಮೇಡಂ ಅವರನ್ನು ಚರಿತ್ರೆಯ ಅತಿ ನಿಪುಣ ವಂಚಕರಲ್ಲಿ ಒಬ್ಬರು ಎಂದಿತು. ಕೈಬರಹದ ವಿಷಯದಲ್ಲಿ ಆ ವರದಿ ದುರ್ಬಲ ಎಂದು ಅದೇ ಸೊಸೈಟಿಯ ಪತ್ರಿಕೆಯಲ್ಲಿ ವರ್ನನ್ ಹ್ಯಾರಿಸನ್ 1986ರಲ್ಲಿ ಬರೆದರು. ಎರಡನ್ನೂ ಓದಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಕೆಲವು ಪವಾಡಗಳಲ್ಲಿ ಕೈಚಳಕ ಇತ್ತು. ಆದರೆ ಹಾಡ್ಸನ್ ತಾನು ಸಾಬೀತು ಮಾಡಿದ್ದಕ್ಕಿಂತ ಜಾಸ್ತಿ ಹೇಳಿದರು. ಮೇಡಂ ರಷ್ಯಾದ ಪರ ಗೂಢಚಾರಿಕೆ ಮಾಡಿರಬೇಕು ಎಂಬ ಅವರ ಊಹೆಗಂತೂ ಆಧಾರವೇ ಕಾಣುವುದಿಲ್ಲ.

ಬೆಂಗಳೂರಿನವರಿಗೆ ಇದೆಲ್ಲ ತೀರಾ ದೂರದ ಕಥೆ ಅಲ್ಲ. ಅಡ್ಯಾರಿನಲ್ಲಿ ದುಡಿದು, 1922ರಲ್ಲಿ ಥಿಯಸಾಫಿಕಲ್ ಸೊಸೈಟಿ ಬಿಟ್ಟು, ಮೇಡಂ ಬರಹಗಳನ್ನು ಮಾತ್ರ ಕೈಬಿಡದ ಬಿ.ಪಿ. ವಾಡಿಯಾ ಅವರೇ 1945ರಲ್ಲಿ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕಟ್ಟಿದವರು. ಅಲ್ಲಿನ ರಸ್ತೆಗೆ ಅವರದೇ ಹೆಸರು.

ನಾನು ಮತ್ತೆ ಮತ್ತೆ ಓದಿದ್ದು ಮಾತ್ರ ಮೊಕದ್ದಮೆಯ ಭಾಗ. ಕೂಲಂಬ್ ಪತ್ರಗಳು ಬಂದ ಮೇಲೆ ಮೇಡಂ ಕೋರ್ಟಿಗೆ ಹೋಗಲೇಬೇಕು ಎಂದು ಹಟ ಹಿಡಿದರು. ಆಲ್ಕಾಟ್ ಬಿಡಲಿಲ್ಲ. ಸೊಸೈಟಿ ನೇಮಿಸಿದ ಸಮಿತಿ ಹೇಳಿದಂತೆ ನಡೆಯಬೇಕು ಎಂದರು. 1884ರ ಡಿಸೆಂಬರಿನ ಅಧಿವೇಶನದಲ್ಲಿ ಸಮಿತಿ ದಾವೆ ಬೇಡ ಎಂದಿತು. ವಕೀಲಳಾಗಿ ನಾನೂ ಅದೇ ಸಲಹೆ ಕೊಡುತ್ತಿದ್ದೆ. ಬೇಗ ಕೆರಳುವ ಕಕ್ಷಿದಾರರು, ಮಹಾತ್ಮರು ಎಲ್ಲಿದ್ದಾರೆ ಎಂದು ಕೇಳುವ ಎದುರು ವಕೀಲರು, ನಂಬಿಕೆಯೇ ವಿಚಾರಣೆಗೆ ನಿಲ್ಲುವ ಪರಿಸ್ಥಿತಿ. ಅಂಥ ದಾವೆ ಗೆಲ್ಲುವುದು ಕಷ್ಟ. ಆದರೆ ಈ ತೀರ್ಮಾನ ಮೇಡಂಗೆ ಏನು ಮಾಡಿತು ಎನ್ನುವುದು ಆಲ್ಕಾಟರ ಪುಟಗಳಲ್ಲಿ ಕಾಣುವುದಿಲ್ಲ. ಅದಕ್ಕೆ ಮೇಡಂ ಬರೆದ ಪತ್ರಗಳಿಗೇ ಹೋಗಬೇಕು. ಅಲ್ಲಿ ನೋವು ಇದೆ, ತನ್ನವರೇ ಕೈಬಿಟ್ಟರು ಎಂಬ ಸಂಕಟ ಇದೆ. 1885ರ ಮಾರ್ಚ್ ಕೊನೆಗೆ ಕಾಯಿಲೆಯಲ್ಲೇ ಹಡಗು ಹತ್ತಿದವರು ಮತ್ತೆ ಭಾರತಕ್ಕೆ ಬರಲಿಲ್ಲ. ಆ ಸ್ಥಿತಿಯಲ್ಲೇ 1888ರಲ್ಲಿ 'ದ ಸೀಕ್ರೆಟ್ ಡಾಕ್ಟ್ರಿನ್' ಮುಗಿಸಿದರು.

ಆ ಪುಸ್ತಕ ಬರೆಯುವಾಗ ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ಮೇಡಂ ಜೊತೆಗಿದ್ದವರು ಕೌಂಟೆಸ್ ಕಾನ್‌ಸ್ಟನ್ಸ್ ವಾಕ್ಟ್‌ಮೈಸ್ಟರ್. ಅವರ ನೆನಪುಗಳು 1893ರಲ್ಲಿ ಬಂದವು. ಹಾಡ್ಸನ್ ವರದಿ ಕೈಗೆ ಬಂದ ದಿನ ಮೇಡಂ ಹೇಗಿದ್ದರು ಎಂದು ಅವರು ಕಣ್ಣಾರೆ ನೋಡಿ ಬರೆದಿದ್ದಾರೆ. ಆಲ್ಕಾಟ್ ಮುಗಿದ ಮೇಲೆ ನಾನು ಅದನ್ನೇ ತೆಗೆದುಕೊಂಡೆ. ನೀವು ಶುರು ಮಾಡುವುದಾದರೆ ಈ ಎರಡನ್ನೂ ಜೊತೆಗೇ ಇಟ್ಟುಕೊಳ್ಳಿ.