ತೋಟದ ಹಳೇ ಬಂಗ್ಲೆಯ ಗೋಡೆ ರಿಪೇರಿ: ಸಿಮೆಂಟ್ ಬೇಡ, ಸುಣ್ಣದ ಗಾರೆಯೇ ಸರಿ

ಕೊಡಗಿನಲ್ಲಿ ಬ್ರಿಟಿಷರು ಕಾಫಿ ತೋಟ ಶುರು ಮಾಡಿದ್ದು 1850ರ ದಶಕದಲ್ಲಿ. ಆಮೇಲೆ ಎದ್ದ ಬಂಗ್ಲೆಗಳಲ್ಲಿ ದಪ್ಪ ಗೋಡೆ, ಸುತ್ತ ವರಾಂಡ, ಚಿಮಣಿ, ಗೋಡೆಗೆ ಸುಣ್ಣದ ಗಾರೆ. ಈ ಗೋಡೆ ಮಳೆಗಾಲದಲ್ಲಿ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಕೊಳೆಯುತ್ತದೆ. ನಾನು ನೋಡಿಕೊಳ್ಳುವ ಬಂಗ್ಲೆಗೆ ಸಿಮೆಂಟ್ ಚೀಲ ತರಲು ಬಿಡುವುದೇ ಇಲ್ಲ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಚಿಮಣಿ ಮತ್ತು ಹಂಚು ಸೇರುವ ಜಾಗ ನೋಡಿ, ಜಾಸ್ತಿ ಸೋರುವುದು ಅಲ್ಲೇ. ಒಡೆದ ಹಂಚು ಬದಲಿಸುವಾಗ ಅದರ ಬೆನ್ನಿನ ಮೇಲಿನ ಅಚ್ಚು ಓದಿ, ಯಾರು ಮಾಡಿದ ಹಂಚು ಎಂದು ತಿಳಿಯುತ್ತದೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಬೇರೆಯವರೂ ಹಂಚು ಮಾಡಿದರು. ಅಳತೆ, ಕಚ್ಚು (ಹಂಚಿಗೆ ಹಂಚು ಸಿಕ್ಕಿಕೊಳ್ಳುವ ಅಂಚು) ಹೊಂದದಿದ್ದರೆ ಹೊಸ ಹಂಚು ಕೂರುವುದಿಲ್ಲ. ಹೊರಗೋಡೆಗೆ ಒರಗಿದ ಮಣ್ಣು, ತರಗೆಲೆ ಕೂಡ ತೆಗೆಸಿ.

ಈಗ ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿ. ಟೊಳ್ಳು ಸದ್ದು ಬಂದಷ್ಟು ಗಾರೆ ಮಾತ್ರ ಕೆತ್ತಿ. ಗಟ್ಟಿ ಇರುವುದನ್ನು ಸುಮ್ನೆ ಕೀಳಬೇಡಿ, ಅಷ್ಟು ಒಳ್ಳೆ ಕೆಲಸ ಮತ್ತೆ ಸಿಗುವುದು ಕಷ್ಟ.

ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಕಲ್ಲಿನ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಅರಳಿದ ಸುಣ್ಣದ ಮೇಲೆ ನೀರು ನಿಲ್ಲಿಸಿ, ಕನಿಷ್ಠ ಎರಡು ವಾರ ಮುಚ್ಚಿಡಿ. ಬೆಣ್ಣೆಯಂತಾದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಹೊಳೆ ಮರಳು ಸೇರಿಸಿ ಚೆನ್ನಾಗಿ ಕಲಸಿ.

ಗೋಡೆ ಒದ್ದೆ ಮಾಡಿ ತೆಳುವಾಗಿ ಬಳಿಯಿರಿ. ಒಂದು ಪದರ 10 ಮಿಲಿಮೀಟರ್ ಮೀರಬಾರದು. ಮೊದಲ ಪದರ ಗಟ್ಟಿಯಾದ ಮೇಲೆಯೇ ಎರಡನೆಯದು. ಬಿಸಿಲು ಬಡಿಯುವ ಕಡೆ ಒದ್ದೆ ಗೋಣಿ ಇಳಿಬಿಡಿ, ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಮೇಸ್ತ್ರಿ ಅವಸರ ಮಾಡುತ್ತಾರೆ, ನೀವು ಒಪ್ಪಬೇಡಿ.

ಈ ಕೆಲಸಕ್ಕೆ ಕಾಫಿ ಕುಯ್ಲು ಮುಗಿದ ಮೇಲಿನ ದಿನಗಳೇ ಸರಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಂದರೆ ಟಾರ್ಪಾಲು ಹೊದಿಸಿ. ಬಣ್ಣಕ್ಕೆ ಪ್ಲಾಸ್ಟಿಕ್ ಪೇಂಟ್ ಬೇಡ, ತೆಳು ಸುಣ್ಣವನ್ನೇ ಮೂರು ಸಲ ಹೊಡೆಸಿ. ಮೊದಲ ಮಳೆಗಾಲ ಕಳೆಯುವವರೆಗೆ ಬೀರು, ಮಂಚಗಳನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ.