ಪುಟ್ಟ ಮಕ್ಕಳ ಜೊತೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದು ಹೇಗೆ?

ಮಲ್ಪೆಯಿಂದ ಸುಮಾರು 6 ಕಿ.ಮೀ. ದೂರ, ಅರಬ್ಬಿ ಸಮುದ್ರದ ನಡುವೆ ಸೇಂಟ್ ಮೇರೀಸ್ ದ್ವೀಪವಿದೆ. ಸ್ಥಳೀಯರಿಗೆ ಇದು ತೋನ್ಸೆಪಾರ್. ಅಲ್ಲಿ ಊರಿಲ್ಲ, ಮನೆಗಳಿಲ್ಲ, ರಾತ್ರಿ ಉಳಿಯುವಂತಿಲ್ಲ. ತೆಂಗಿನಮರಗಳು, ಚಿಪ್ಪು ತುಂಬಿದ ದಂಡೆ, ಸಾಲಾಗಿ ನಿಂತ ಕಲ್ಲಿನ ಕಂಬಗಳು, ಅಷ್ಟೇ. ಒಂದರಿಂದ ಮೂರು ವರ್ಷದ ಮಕ್ಕಳನ್ನು ಇಂಥ ಜಾಗಕ್ಕೆ ಕರೆದುಕೊಂಡು ಹೋಗಬಹುದಾ? ಖಂಡಿತ ಹೋಗಬಹುದು. ಆದರೆ ಯೋಜನೆ ಹಾಕುವಾಗ ಮಗುವಿನ ನಿದ್ದೆ ಮತ್ತು ಹೊಟ್ಟೆಯಿಂದ ಲೆಕ್ಕ ಶುರುಮಾಡಬೇಕು. ದ್ವೀಪದಲ್ಲಿ ಏನೇನು ನೋಡಬೇಕು ಅನ್ನುವುದು ಆಮೇಲಿನ ಮಾತು.

ಮೊದಲು ದಿನ ಆರಿಸಿ

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಹೆಚ್ಚುಕಮ್ಮಿ ಸೆಪ್ಟೆಂಬರ್‌ವರೆಗೆ, ದೋಣಿ ಓಡುವುದಿಲ್ಲ. ಮಾರ್ಚ್ ದಾಟಿದರೆ ಕರಾವಳಿಯ ಸೆಖೆ ಪುಟ್ಟ ಮಕ್ಕಳಿಗೆ ಜಾಸ್ತಿಯಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಭಾನುವಾರ ಮತ್ತು ರಜಾದಿನ ಬೇಡ. ಬಿಸಿಲಲ್ಲಿ ಮಗುವನ್ನು ಎತ್ತಿಕೊಂಡು ಸರದಿಯಲ್ಲಿ ನಿಲ್ಲುವುದರಲ್ಲೇ ಅರ್ಧ ಉತ್ಸಾಹ ಮುಗಿದುಹೋಗುತ್ತದೆ.

ದೋಣಿಯ ಸಮಯ, ದರ ಆಗಾಗ ಬದಲಾಗುತ್ತವೆ. ಹಿಂದಿನ ದಿನವೇ ಮಲ್ಪೆಯಲ್ಲಿ ವಿಚಾರಿಸಿಕೊಳ್ಳಿ. ಸಾಧ್ಯವಿದ್ದರೆ ಉಡುಪಿಯಲ್ಲೋ ಮಲ್ಪೆಯಲ್ಲೋ ರಾತ್ರಿ ಉಳಿದು ಬೆಳಗಿನ ಮೊದಲ ದೋಣಿ ಹಿಡಿಯಿರಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಜೋರಾಗುತ್ತದೆ, ದೋಣಿಯ ಕುಲುಕಾಟವೂ ಹೆಚ್ಚುತ್ತದೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ದಡ ಸೇರಿದರೆ ಮಗುವೂ ಸುಖ, ನೀವೂ ಸುಖ.

ಚೀಲಕ್ಕೆ ಏನು ಹಾಕಬೇಕು

ಕುಡಿಯುವ ನೀರು ಅಂದಾಜಿಗಿಂತ ಜಾಸ್ತಿಯೇ ಇರಲಿ. ಕಿವಿ, ಕುತ್ತಿಗೆ ಮುಚ್ಚುವ ಟೋಪಿ, ತೋಳು ಮುಚ್ಚುವ ತೆಳು ಹತ್ತಿ ಅಂಗಿ, ಎರಡು ಜೊತೆ ಬಟ್ಟೆ, ಒಂದು ಓಆರ್‌ಎಸ್ ಪೊಟ್ಟಣ, ಗಾಯಕ್ಕೆ ಹಚ್ಚುವ ಮುಲಾಮು. ತಿನ್ನಲು ಇಡ್ಲಿ, ಏಲಕ್ಕಿ ಬಾಳೆಹಣ್ಣು, ಮಂಡಕ್ಕಿ ಸಾಕು. ಉಡುಪಿಯಲ್ಲಿ ಹಲಸಿನ ಎಲೆಯ ಕೊಟ್ಟೆ ಕಡುಬು ಸಿಕ್ಕರೆ ಇನ್ನೂ ಒಳ್ಳೆಯದು. ಮಕ್ಕಳ ಕೈಗೆ ಕೊಡಲು ಸುಲಭ. ಹಾಲು, ಮೊಸರನ್ನ ಸೆಖೆಗೆ ಬೇಗ ಹಾಳಾಗುತ್ತವೆ, ಬಿಟ್ಟುಬಿಡಿ.

ಎಲ್ಲಕ್ಕಿಂತ ಮುಖ್ಯ ಪಾದರಕ್ಷೆ. ಹಿಂದೆ ಪಟ್ಟಿಯಿರುವ, ಬೆರಳು ಮುಚ್ಚುವ ಸ್ಯಾಂಡಲ್ ಬೇಕು. ಇಲ್ಲಿ ಮೆತ್ತನೆಯ ಮರಳಿಗಿಂತ ಒಡೆದ ಚಿಪ್ಪುಗಳೇ ಹೆಚ್ಚು. ಬಂಡೆಗೆ ಅಂಟಿಕೊಂಡ ಚಿಪ್ಪುಗಳು ಬರಿಗಾಲನ್ನು ಸೀಳಿಬಿಡುತ್ತವೆ. ತಳ್ಳುಗಾಡಿಯ ಚಕ್ರವೂ ಇಲ್ಲಿ ಉರುಳುವುದಿಲ್ಲ, ಅದನ್ನು ಕಾರಿನಲ್ಲೇ ಬಿಡಿ.

ದೋಣಿಯಲ್ಲಿ

ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತ ಟಿಕೆಟ್ ಕೊಳ್ಳುವ ಮೊದಲೇ ಕೇಳಿ. ನಿಮ್ಮದೇ ಒಂದನ್ನು ತಂದರೆ ನಿಶ್ಚಿಂತೆ. ಕಾಲುಗಳ ನಡುವೆ ಹಾಯುವ ಪಟ್ಟಿ ಇರುವಂಥದ್ದು ಒಳ್ಳೆಯದು. ತೊಡಿಸಿದ ಮೇಲೆ ಜಾಕೆಟ್ಟಿನ ಭುಜ ಹಿಡಿದು ಮೆಲ್ಲಗೆ ಮೇಲಕ್ಕೆಳೆಯಿರಿ. ಅದು ಮಗುವಿನ ಗಲ್ಲ, ಕಿವಿ ದಾಟಿ ಮೇಲೆ ಬಂದರೆ ಸಡಿಲವಿದೆ ಎಂದರ್ಥ. ಸರಿಯಾದ ಅಳತೆ ಸಿಗದಿದ್ದರೆ ಆ ದಿನ ಹೋಗಬೇಡಿ. ಇದರಲ್ಲಿ ರಾಜಿ ಬೇಡ. ಮಲ್ಪೆಯ ಮರಳಿನಲ್ಲಿ ಆಡಿದರೂ ಮಕ್ಕಳಿಗೆ ಖುಷಿಯೇ.

ಮಗುವನ್ನು ಬಟ್ಟೆಯಿಂದಲೋ ಬೇಬಿ ಕ್ಯಾರಿಯರ್‌ನಿಂದಲೋ ಮೈಗೆ ಕಟ್ಟಿಕೊಂಡು ದೋಣಿ ಹತ್ತಬೇಡಿ. ನೀರಿಗೆ ಬಿದ್ದರೆ ಬಿಚ್ಚಲು ಸಮಯ ಸಿಗುವುದಿಲ್ಲ. ತೊಡೆಯ ಮೇಲೆ ಕೂರಿಸಿ ಎರಡೂ ಕೈಯಿಂದ ಹಿಡಿದುಕೊಳ್ಳಿ. ಹತ್ತುವಾಗ, ಇಳಿಯುವಾಗ ಒಬ್ಬರು ಮೊದಲು ಹೋಗಿ ನಿಲ್ಲಲಿ, ಇನ್ನೊಬ್ಬರು ಮಗುವನ್ನು ದಾಟಿಸಲಿ. ಹತ್ತುವ ಮುಂಚೆ ಹೊಟ್ಟೆ ಬಿರಿಯುವಷ್ಟು ಹಾಲು ಕುಡಿಸಬೇಡಿ.

ದ್ವೀಪದಲ್ಲಿ

ಇಳಿದ ಕೂಡಲೇ ವಾಪಸ್ ದೋಣಿ ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳಿ. ಆಮೇಲೆ ತೆಂಗಿನಮರದ ನೆರಳಿನಲ್ಲಿ ಚಾಪೆ ಹಾಸಿ. ಮೇಲೆ ಕಾಯಿ ಇಲ್ಲದ ಜಾಗ ನೋಡಿಕೊಳ್ಳಿ! ಇಡೀ ದ್ವೀಪ ಸುತ್ತುವ ಆಸೆ ಬೇಡ. ಮಗುವಿಗೆ ಹತ್ತು ಹೆಜ್ಜೆಯ ಜಾಗವೇ ಒಂದು ಲೋಕ. ಒಂದು ಏಡಿ ಬಿಲದೊಳಗೆ ಓಡಿದ್ದನ್ನು ನೋಡುತ್ತಾ ಅದು ಅಲ್ಲೇ ಕೂತರೆ ಕೂರಲಿ, ಎಳೆದುಕೊಂಡು ಹೋಗಬೇಡಿ.

ಕಂಬಗಳನ್ನು ಮಾತ್ರ ತಪ್ಪದೆ ತೋರಿಸಿ. ಇವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಹರಿದ ಲಾವಾ ಇದು. ಕೆರೆಯ ಕೆಸರು ಒಣಗುವಾಗ ಬಿರುಕು ಬಿಡುವ ಹಾಗೆ, ಲಾವಾ ತಣಿದು ಕುಗ್ಗುವಾಗ ಸೀಳಿಕೊಂಡು ಐದು, ಆರು, ಏಳು ಮೂಲೆಯ ಕಂಬಗಳಾದವು. ಎರಡು ವರ್ಷದ ಮಗುವಿಗೆ ಇದೆಲ್ಲ ಯಾಕೆ ಅಂತೀರಾ? ಕಲ್ಲಿನ ಅಂಚಿನಲ್ಲಿ ಅದರ ಬೆರಳು ಓಡಿಸಿ, ಮೂಲೆಗಳನ್ನು ಒಟ್ಟಿಗೆ ಎಣಿಸಿ. ಅಷ್ಟು ಹಳೆಯ ಕಲ್ಲನ್ನು ಮಗು ಮುಟ್ಟಿತಲ್ಲ ಅನ್ನುವ ಸಂತೋಷ ನಿಮ್ಮದಾಗುತ್ತದೆ. ಹೊತ್ತೇರಿದಂತೆ ಕಲ್ಲು ಕಾಯುತ್ತದೆ, ಮೊದಲು ನಿಮ್ಮ ಕೈಯಿಟ್ಟು ನೋಡಿ.

ಅಲೆ ಬಡಿಯುವ ಬಂಡೆಗಳ ಹತ್ತಿರ ಮಾತ್ರ ಹೋಗಲೇಬೇಡಿ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳೇ ಇಲ್ಲಿ ನೀರುಪಾಲಾದರು. ಫೋಟೊ ತೆಗೆಯುವವರು ಒಬ್ಬರಾದರೆ, ಮಗುವಿನ ಮೇಲೆ ಕಣ್ಣಿಡುವವರು ಇನ್ನೊಬ್ಬರು ಇರಬೇಕು. ಒಬ್ಬರೇ ಎರಡೂ ಮಾಡುವುದು ಬೇಡ. ಮೊಣಕಾಲು ನೀರಾದರೂ ಮಗು ಕೈಗೆಟುಕುವಷ್ಟು ಹತ್ತಿರದಲ್ಲೇ ಇರಲಿ.

ಹೊರಡುವಾಗ

ಮಕ್ಕಳು ಮುಷ್ಟಿ ತುಂಬ ಚಿಪ್ಪು ಆಯ್ದಿರುತ್ತಾರೆ. ಅಲ್ಲೇ ಆಡಿಸಿ, ಅಲ್ಲೇ ಬಿಡಿಸಿ. ಈ ದಂಡೆ ಇರುವುದೇ ಚಿಪ್ಪುಗಳಿಂದ. "ಚಿಪ್ಪಿಗೆ ಟಾಟಾ ಮಾಡು" ಅಂದರೆ ಎಷ್ಟೋ ಮಕ್ಕಳು ತಾವೇ ಹಾಕಿಬಿಡುತ್ತಾರೆ. ಡೈಪರ್, ಬಿಸ್ಕತ್ತಿನ ಪೊಟ್ಟಣ, ಒದ್ದೆ ಟಿಶ್ಯೂ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಮಲ್ಪೆಗೆ ವಾಪಸ್ ತನ್ನಿ. ದಡ ಸೇರಿದ ಮೇಲೆ ಸಿಹಿನೀರಿನಲ್ಲಿ ಮಗುವಿನ ಮೈ ತೊಳೆದು, ಅಂಗಾಲು, ಬೆರಳ ಸಂದು ನೋಡಿ. ಚಿಪ್ಪಿನ ಸಣ್ಣ ಗೀರಿದ್ದರೂ ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಗಾಯ ಆಳವಾಗಿದ್ದರೆ ಉಡುಪಿಯಲ್ಲೇ ವೈದ್ಯರಿಗೆ ತೋರಿಸಿಕೊಂಡು ಊರಿಗೆ ಹೊರಡಿ.